ಕೂಸು ಅಜ್ಜಿಯ ಊರಿಗೋ, ಅಜ್ಜಿ ಕೂಸಿನ ದೇಶಕ್ಕೋ

2020ರ ಮೇ 7ರಂದು, ಕೊರೊನಾದಿಂದ ಹೊರದೇಶಗಳಲ್ಲಿ ಸಿಕ್ಕಿಬಿದ್ದ ಭಾರತೀಯರನ್ನು ಕರೆತರುವ ವಂದೇ ಭಾರತ್ ಯೋಜನೆಯ ವಿಮಾನಗಳು ಹಾರತೊಡಗಿದವು. ಅಮೆರಿಕದಲ್ಲಿ ಕೆಲಸ ಕಳೆದುಕೊಂಡಿದ್ದ, ವೀಸಾ ಅವಧಿ ಮುಗಿಯುತ್ತ ಬಂದಿದ್ದ ಎಷ್ಟೋ ಭಾರತೀಯ ದಂಪತಿಗಳು ಗಂಟುಮೂಟೆ ಕಟ್ಟಿ ವಿಮಾನ ನಿಲ್ದಾಣಕ್ಕೆ ಬಂದರು. ಅವರಲ್ಲಿ ಕೆಲವರನ್ನು ವಿಮಾನ ಹತ್ತಿಸಿಕೊಳ್ಳಲಿಲ್ಲ. ಗಂಡ ಹೆಂಡತಿ ಇಬ್ಬರ ಕೈಯಲ್ಲೂ ಭಾರತದ ಪಾಸ್‌ಪೋರ್ಟ್ ಇತ್ತು. ಕಂಕುಳಲ್ಲಿದ್ದ ಕೂಸಿನದು ಮಾತ್ರ ಅಮೆರಿಕದ್ದು. ಕೊರೊನಾ ಕಾರಣಕ್ಕೆ ವಿದೇಶಿ ಪ್ರಜೆಗಳ ವೀಸಾಗಳ ಜೊತೆಗೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಓಸಿಐ ಕಾರ್ಡಿನ ಪ್ರವೇಶ ಸೌಲಭ್ಯವನ್ನೂ ಸರ್ಕಾರ ಆಗ ತಡೆಹಿಡಿದಿತ್ತು. ಅಪ್ಪ ಅಮ್ಮ ಬರಬಹುದು, ಹಾಲು ಕುಡಿಯುವ ಮಗು ಬರುವಂತಿಲ್ಲ! ಭಾರತೀಯ ಪ್ರಜೆಗಳ ಓಸಿಐ ಮಕ್ಕಳಿಗೆ ಅವಕಾಶ ಕೊಡುತ್ತೇವೆಂದು ಕೇಂದ್ರ ಗೃಹ ಸಚಿವಾಲಯ ಹೇಳಿದ್ದು ಮೇ 22ಕ್ಕೆ.

ವರ್ಷಗಟ್ಟಲೆ ಒಂದೊಂದು ಮನೆಯೊಳಗೆ ಗುಟ್ಟಾಗಿ ಕುದಿಯುತ್ತಿದ್ದ ಪ್ರಶ್ನೆಯೊಂದು ಆ ಎರಡು ವಾರಗಳಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಪರದೇಶದಲ್ಲಿ ಹುಟ್ಟಿದ ಕೂಸನ್ನು ಎತ್ತಿಕೊಂಡು ಬಂಧುಬಳಗದ ಹತ್ತಿರ ನೆಲೆ ನಿಲ್ಲಬೇಕೆಂದರೆ ಏನೇನು ಬೇಕು, ಏನೇನು ಬಿಡಬೇಕು? ಈ ಮಾತು ಬಂದಾಗಲೆಲ್ಲ ಸಂಬಳ, ತೆರಿಗೆ, ಮನೆ, ಶಾಲೆ ಮುಂದೆ ಬರುತ್ತವೆ. ಈ ತೀರ್ಮಾನದಿಂದ ದಿನದಿನದ ಬದುಕು ಅತಿ ಹೆಚ್ಚು ಬದಲಾಗುವುದು ಇಬ್ಬರದು: ಕೂಸಿನದು, ಅಜ್ಜಿಯದು. ಕೂಸಿಗೆ ಬಾಯಿಲ್ಲ. ಅಜ್ಜಿಗೆ ಬಾಯಿದ್ದರೂ ಆಕೆಯನ್ನು ಕೇಳುವುದು ಕಡಿಮೆ. ಈ ವಿಷಯವನ್ನು ಎಷ್ಟು ಕಡೆಯಿಂದ ನೋಡಿದರೂ ನಾನು ಬಂದು ನಿಲ್ಲುವುದು ಅಲ್ಲಿಯೇ.

ನೋಡುತ್ತಿರುವುದು ಸಾಣಾಪುರದ ಕಡೆಯಿಂದ. ಗಂಗಾವತಿ ತಾಲ್ಲೂಕಿನಲ್ಲಿ ಆನೆಗುಂದಿಯ ಮಗ್ಗುಲಿಗಿರುವ ಊರು; ತುಂಗಭದ್ರಾ ಕಾಲುವೆಯ ನೀರು ತುಂಬಿದ ಕೆರೆ, ಸುತ್ತ ಕಲ್ಲುಗುಡ್ಡ, ಕೆಳಗೆ ಭತ್ತದ ಗದ್ದೆ, ಬಾಳೆತೋಟ. ಹಂಪಿ ನೋಡಲು ಬಂದ ವಿದೇಶಿಯರು ಕೂಸನ್ನು ಎದೆಗೆ ಕಟ್ಟಿಕೊಂಡು ಹರಿಗೋಲು ಹತ್ತುವುದನ್ನು ಇಲ್ಲಿಯ ಜನ ನೋಡಿದ್ದಾರೆ. ಇಲ್ಲಿಂದ ಓದಲು, ದುಡಿಯಲು ಹೊರಗೆ ಹೋದ ಮಕ್ಕಳನ್ನೂ ನೋಡಿದ್ದಾರೆ. ಬಂಧುಗಳ ಹತ್ತಿರ ಬಂದು ನೆಲೆಸುವುದು ಈ ನೆಲಕ್ಕೆ ಹೊಸತಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಇಲ್ಲಿ ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಮೊದಲು ಒಬ್ಬ ಬಂದ, ಅವನ ಹಿಂದೆ ಅಣ್ಣ ತಮ್ಮ, ಷಡ್ಡಕ, ಸೋದರಮಾವ, ಜೊತೆಗೆ ಅವರ ಮಕ್ಕಳುಮರಿ. ಇಂದು ಶ್ರೀರಾಮನಗರದಂಥ ಊರುಗಳಲ್ಲಿ ಆ ವಲಸೆಯ ಮೂರನೆಯ ತಲೆಮಾರು ಇದೆ. ಆಗ ಗಡಿ ದಾಟಲು ಪಾಸ್‌ಪೋರ್ಟ್ ಬೇಕಿರಲಿಲ್ಲ, ಕೂಸಿನ ಪೌರತ್ವದ ಚರ್ಚೆಯೂ ಇರಲಿಲ್ಲ. ಬೆನ್ನಿಗೆ ನೆಂಟರಿದ್ದರೆ ಕೂಸು ಬೆಳೆಯುತ್ತದೆ ಎಂಬ ನಂಬಿಕೆ ಮಾತ್ರ ಅಂದಿಗೂ ಇಂದಿಗೂ ಒಂದೇ.

ಆ ನಂಬಿಕೆಗೆ ವಿಜ್ಞಾನದ ಬೆಂಬಲವೂ ಇದೆ. ಟಾಂಜಾನಿಯಾದ ಹಾಡ್ಜಾ ಬುಡಕಟ್ಟಿನ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್, ಹೆರುವ ವಯಸ್ಸು ದಾಟಿದ ಅಜ್ಜಿಯರು ಗೆಡ್ಡೆಗೆಣಸು ಅಗೆದು ತಂದು ಮೊಮ್ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದುದನ್ನು ದಾಖಲಿಸಿದರು. ಮನುಷ್ಯ ಜಾತಿ ಉಳಿದು ಬೆಳೆದದ್ದರಲ್ಲಿ ಅಜ್ಜಿಯ ಪಾಲು ದೊಡ್ಡದೆಂಬ ವಾದ 1990ರ ದಶಕದಲ್ಲಿ ಗಟ್ಟಿಯಾದದ್ದು ಇಂಥ ಅಧ್ಯಯನಗಳಿಂದ. ನಮ್ಮಲ್ಲಿ ಬಾಣಂತನವೆಂಬ ಪದ್ಧತಿಯೇ ಇದಕ್ಕೆ ಸಾಕ್ಷಿ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕು. ಎಣ್ಣೆನೀರು, ಅಂಟಿನುಂಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದು, ಎಲ್ಲವೂ ತಾಯಿಯ ತಾಯಿಯ ಕೈಯಲ್ಲಿ ನಡೆಯಬೇಕು. ಹೆರಿಗೆಯಾಗುವ ಊರು ಹತ್ತು ಸಾವಿರ ಕಿಲೋಮೀಟರು ದೂರವಾದಾಗ ಈ ಪದ್ಧತಿ ಮೂರು ದಾರಿ ಹಿಡಿಯಿತು.

ಮೊದಲನೆಯದು, ಅಜ್ಜಿಯೇ ಹೋಗುವುದು. ಅಮೆರಿಕದ ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಾರೆ. ಅಲ್ಲಿಯ ತಾಯಿಗೆ ಕಾನೂನು ಖಾತರಿ ಕೊಡುವ ರಜೆ ಎಂದರೆ 1993ರ ಕೌಟುಂಬಿಕ ರಜೆ ಕಾಯ್ದೆಯ 12 ವಾರ, ಅದೂ ಸಂಬಳವಿಲ್ಲದೆ, ಅದೂ ಎಲ್ಲ ಕಂಪನಿಗಳಿಗೂ ಅನ್ವಯಿಸದು. ಹೀಗಾಗಿ ಅವ್ವ ಆರು ತಿಂಗಳು, ಆಕೆ ಮರಳಿದ ಮೇಲೆ ಅತ್ತೆ ಆರು ತಿಂಗಳು ಎಂದು ಪಾಳಿ ಹಾಕಿಕೊಂಡು ಮೊದಲ ವರ್ಷ ದಾಟಿಸುವುದು ಅಲ್ಲಿಯ ಕನ್ನಡ ಮನೆಗಳಲ್ಲಿ ರೂಢಿಯಾಗಿದೆ. ಹೋಗುವ ಅಜ್ಜಿಯ ಸ್ಥಿತಿಯನ್ನೂ ನೆನೆಯಬೇಕು. ಊರಿನಲ್ಲಿ ಬೀದಿಗೆಲ್ಲ ಬೇಕಾದವಳು ಅಲ್ಲಿ ಕಾರು ಇಲ್ಲದೆ ಅಂಗಡಿಗೂ ಹೋಗಲಾರಳು. ಹೊರಗೆ ಹಿಮ, ಒಳಗೆ ಕೂಸು ಮತ್ತು ಒಲೆ. ಕಾಯಿಲೆ ಬಿದ್ದರೆ ಪ್ರವಾಸಿ ವಿಮೆ ಹಳೆಯ ಬಿಪಿ, ಸಕ್ಕರೆಗಳಿಗೆ ಪೂರ್ತಿ ಒದಗುವುದಿಲ್ಲ. ಊರಿನಲ್ಲಿ ಅಜ್ಜ ಒಬ್ಬನೇ ಬೇಯಿಸಿಕೊಂಡು ಉಣ್ಣುತ್ತಾನೆ.

ಅಜ್ಜ ಅಜ್ಜಿಯನ್ನು ಅಲ್ಲಿಯೇ ಖಾಯಂ ಇಟ್ಟುಕೊಳ್ಳೋಣವೆಂದರೆ ಒಂದೊಂದು ದೇಶದ ಬಾಗಿಲು ಒಂದೊಂದು ತೆರ. ಕೆನಡಾ 2011ರ ಕೊನೆಯಲ್ಲಿ ಸೂಪರ್ ವೀಸಾ ತಂದಿತು. 2022ರ ಜುಲೈನಿಂದ ಅದರಲ್ಲಿ ಒಂದು ಸಲಕ್ಕೆ ಐದು ವರ್ಷ ಇರಬಹುದು. ಆಸ್ಟ್ರೇಲಿಯ 2019ರಲ್ಲಿ ಮೂರು ಅಥವಾ ಐದು ವರ್ಷದ ತಾತ್ಕಾಲಿಕ ಪಾಲಕ ವೀಸಾ ಶುರುಮಾಡಿತು, ಶುಲ್ಕ ಸಾವಿರಾರು ಡಾಲರು. ಬ್ರಿಟನ್ 2012ರಲ್ಲಿ ನಿಯಮ ಬಿಗಿ ಮಾಡಿತು: ತಂದೆತಾಯಿಗೆ ದಿನನಿತ್ಯದ ಆರೈಕೆ ಬೇಕಿರಬೇಕು, ಆ ಆರೈಕೆ ತಾಯ್ನಾಡಿನಲ್ಲಿ ದುಡ್ಡು ಕೊಟ್ಟರೂ ಸಿಗದಂತಿರಬೇಕು. ಮೊಮ್ಮಗುವನ್ನು ಎತ್ತಿ ಆಡಿಸಬಲ್ಲ ಗಟ್ಟಿಮುಟ್ಟಾದ ಅಜ್ಜಿಗೆ ಆ ಬಾಗಿಲು ಮುಚ್ಚಿದೆ. ಅಮೆರಿಕದಲ್ಲಿ ಮಗ ಅಥವಾ ಮಗಳು ಪೌರತ್ವ ಪಡೆದ ಮೇಲೆಯೇ ತಂದೆತಾಯಿಗೆ ಗ್ರೀನ್ ಕಾರ್ಡ್ ಕೇಳಬಹುದು. ಭಾರತದಲ್ಲಿ ಹುಟ್ಟಿ ಉದ್ಯೋಗದ ಆಧಾರದ ಮೇಲೆ ಗ್ರೀನ್ ಕಾರ್ಡಿಗೆ ಕಾಯುವವರ ಸಾಲು ಹತ್ತು ವರ್ಷ ದಾಟಿ ಹೋಗಿದೆ. ಅಷ್ಟು ಹೊತ್ತಿಗೆ ಕೂಸು ಹೈಸ್ಕೂಲಿಗೆ ಬಂದಿರುತ್ತದೆ.

ಎರಡನೆಯ ದಾರಿ ಕೂಸನ್ನು ಮಾತ್ರ ಅಜ್ಜಿಯ ಬಳಿ ಕಳಿಸುವುದು. ತಂದೆತಾಯಿ ದುಡಿಯಲು ಅಲ್ಲಿ, ಮಗು ಬೆಳೆಯಲು ಇಲ್ಲಿ. ಉತ್ತರ ಅಮೆರಿಕದ ಚೀನೀ ವಲಸಿಗರಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ ಅಂಥ ಮಕ್ಕಳನ್ನು ಉಪಗ್ರಹ ಶಿಶುಗಳು ಎಂದು ಕರೆದು ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಇವಾನ್ ಬೋರ್ ಮೊದಲಾದವರು ಅಧ್ಯಯನ ಮಾಡಿದ್ದಾರೆ. ನಮ್ಮವರೂ ಕೂಸುಗಳನ್ನು ಹೀಗೆ ಕಳಿಸಿದ್ದಾರೆ. ಮಗು ಎರಡು ಮೂರು ವರ್ಷ ಅಜ್ಜಿಯನ್ನೇ ಅವ್ವ ಎಂದುಕೊಂಡಿರುತ್ತದೆ. ಆಮೇಲೆ ಅದನ್ನು ಆ ಮಡಿಲಿನಿಂದ ಕಿತ್ತು ಗುರುತಿಲ್ಲದ ಅಪ್ಪ ಅಮ್ಮನ ಕೈಗೆ ಕೊಡುತ್ತಾರೆ. ಮಗುವಿಗೆ ಅದು ಎರಡನೆಯ ಅಗಲಿಕೆ, ಅಜ್ಜಿಗೆ ಯಾರೂ ಲೆಕ್ಕಕ್ಕೆ ಹಿಡಿಯದ ದುಃಖ. ಬೇರೆ ದಾರಿಯೇ ಇಲ್ಲದ ಸಂಕಟದಲ್ಲಿ ಮಾಡಿದವರನ್ನು ನಾನು ದೂರಲಾರೆ. ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದವರು ಈ ದಾರಿಯನ್ನು ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಉಳಿದದ್ದು ಎಲ್ಲರೂ ಒಟ್ಟಿಗೆ ಮರಳುವುದು. ಇಲ್ಲಿ ಮೊದಲು ಬಿಡಿಸಬೇಕಾದ ಗಂಟು ಕೂಸಿನ ಪೌರತ್ವ. ಅದು ಹುಟ್ಟಿದ ನೆಲದ ಮೇಲೆ ನಿಂತಿದೆ. ದುಬೈ, ರಿಯಾದ್, ಕುವೈತ್‌ಗಳಲ್ಲಿ ಹುಟ್ಟಿದ ಕನ್ನಡದ ಮಗುವಿಗೆ ಆ ದೇಶದ ಪೌರತ್ವ ಸಿಗದು, ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಿ ಭಾರತದ ಪಾಸ್‌ಪೋರ್ಟ್ ಮಾಡಿಸುತ್ತಾರೆ. ಬ್ರಿಟನ್ 1983ರಿಂದ, ಆಸ್ಟ್ರೇಲಿಯ 1986ರಿಂದ, ತಂದೆತಾಯಿಯಲ್ಲಿ ಒಬ್ಬರಾದರೂ ಪ್ರಜೆಯೋ ಖಾಯಂ ನಿವಾಸಿಯೋ ಆಗಿಲ್ಲದಿದ್ದರೆ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡುವುದಿಲ್ಲ. ಅಮೆರಿಕದಲ್ಲಿ 1868ರ ಹದಿನಾಲ್ಕನೆಯ ತಿದ್ದುಪಡಿಯಿಂದ ಹುಟ್ಟೇ ಪೌರತ್ವ. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಅದನ್ನು ನಿಲ್ಲಿಸುವ ಆದೇಶಕ್ಕೆ ಅಧ್ಯಕ್ಷ ಟ್ರಂಪ್ 2025ರ ಜನವರಿ 20ರಂದು ಸಹಿ ಹಾಕಿದರು. ನ್ಯಾಯಾಲಯಗಳು ತಡೆ ಕೊಟ್ಟವು. ಆದರೂ ಹೆರಿಗೆಯ ದಿನ ಎಣಿಸುತ್ತಿದ್ದ ಮನೆಗಳಲ್ಲಿ ಆ ಆದೇಶ ಹುಟ್ಟಿಸಿದ ದಿಗಿಲು ಸಣ್ಣದಲ್ಲ.

ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 4ನೆಯ ಕಲಮಿನಂತೆ, 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಭಾರತೀಯರ ಮಗು ಭಾರತೀಯ ಆಗಬೇಕಾದರೆ ಒಂದು ವರ್ಷದೊಳಗೆ ಅಲ್ಲಿಯ ಭಾರತೀಯ ಕಚೇರಿಯಲ್ಲಿ ನೋಂದಾಯಿಸಬೇಕು; ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಘೋಷಿಸಬೇಕು. ಅತ್ತ ಅಮೆರಿಕದ ಕಾನೂನು ತನ್ನ ಪ್ರಜೆ ತನ್ನ ಪಾಸ್‌ಪೋರ್ಟಿನಲ್ಲೇ ಒಳಬರಬೇಕು, ಹೊರಹೋಗಬೇಕು ಎನ್ನುತ್ತದೆ. ಎರಡರ ನಡುವೆ ಸಿಕ್ಕಿದ ಬಹುತೇಕರು ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡು ಅದರ ಮೇಲೆ ಓಸಿಐ ಕಾರ್ಡ್ ಮಾಡಿಸುತ್ತಾರೆ. 2006ರಲ್ಲಿ ಹೈದರಾಬಾದಿನ ಪ್ರವಾಸಿ ಭಾರತೀಯ ದಿವಸದಲ್ಲಿ ಮೊದಲ ಕಾರ್ಡುಗಳನ್ನು ಕೊಟ್ಟಾಗ ಇದು ಜೀವನಪರ್ಯಂತದ ವೀಸಾ ಎಂದೇ ಜನ ತಿಳಿದರು. ತಿಳಿದದ್ದು ಸರಿಯೇ. ವೀಸಾ ಮತ್ತು ಪೌರತ್ವದ ನಡುವಿನ ಅಂತರ ಮಾತ್ರ ಮಗು ಬೆಳೆದಂತೆ ಬಾಗಿಲು ಬಾಗಿಲಿಗೂ ಎದುರಾಗುತ್ತದೆ.

ಅದರಲ್ಲಿ ಒಂದು ಬಾಗಿಲು ನಮ್ಮ ಭಾಗಕ್ಕೆ ವಿಶೇಷವಾಗಿ ಮುಖ್ಯ. 2020ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್, ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಓಸಿಐ ವಿದ್ಯಾರ್ಥಿಗಳನ್ನು ಭಾರತೀಯ ಪ್ರಜೆಗಳಂತೆಯೇ ಕಾಣಬೇಕೆಂದು ತೀರ್ಪು ಕೊಟ್ಟಿತ್ತು. ಮೂರು ತಿಂಗಳು ತುಂಬುವುದರೊಳಗೆ, 2021ರ ಮಾರ್ಚ್ 4ರಂದು, ಕೇಂದ್ರದ ಅಧಿಸೂಚನೆ ಬಂತು: ನೀಟ್, ಜೆಇಇ ಬರೆದರೂ ಓಸಿಐನವರಿಗೆ ಸಿಗುವುದು ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟು, ಭಾರತೀಯ ಪ್ರಜೆಗಳಿಗಷ್ಟೇ ಮೀಸಲಾದ ಸೀಟಿಗೆ ಅವರು ಅರ್ಹರಲ್ಲ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮ ಆ ದಿನಾಂಕದ ನಂತರ ಹುಟ್ಟಿದವರಿಗೆ ಮಾತ್ರ ಅನ್ವಯಿಸತಕ್ಕದ್ದೆಂದು ಹೇಳಿ ಆಗಲೇ ಓದುತ್ತಿದ್ದ ಮಕ್ಕಳನ್ನು ಉಳಿಸಿತು. ಇಂದು ಕಂಕುಳಲ್ಲಿರುವ ಕೂಸುಗಳು ಆ ದಿನಾಂಕದ ಈಚೆಗೆ ಬಂದವು. ಕೊಪ್ಪಳ ಜಿಲ್ಲೆ 371(ಜೆ) ವಿಧಿಯ ವ್ಯಾಪ್ತಿಯಲ್ಲಿದೆ. ಈ ಭಾಗದ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಶೇ. 70 ಸೀಟುಗಳು ಸ್ಥಳೀಯರಿಗೆ ಮೀಸಲು. ಹೈದರಾಬಾದ್ ಕರ್ನಾಟಕದ ಜನ ದಶಕಗಳ ಕಾಲ ಹೋರಾಡಿ ಪಡೆದ ಈ ಹಕ್ಕು ಗಂಗಾವತಿಯ ಅಜ್ಜ ಅಜ್ಜಿಯ ಮನೆಯಲ್ಲೇ ಬೆಳೆದು, ಇಲ್ಲಿಯ ಕನ್ನಡ ಶಾಲೆಯಲ್ಲೇ ಓದಿದ ಮೊಮ್ಮಗುವಿಗೆ ಪಾಸ್‌ಪೋರ್ಟಿನ ಬಣ್ಣದ ಕಾರಣಕ್ಕೆ ದಕ್ಕದೆ ಹೋಗುತ್ತದೆ. ಆ ಮಗು ನೀಟ್ ಬರೆಯುವುದು ಹದಿನೇಳು ಹದಿನೆಂಟು ವರ್ಷ ತುಂಬಿದಾಗ. ಆಗ ತಿಳಿದು ಪ್ರಯೋಜನವಿಲ್ಲ.

ಹಿಂತಿರುಗುವ ಹಾದಿ ಮುಚ್ಚಿಲ್ಲ. ಪೌರತ್ವ ಕಾಯ್ದೆಯ 5ನೆಯ ಕಲಮು ಭಾರತೀಯ ಪ್ರಜೆಗಳ ಅಪ್ರಾಪ್ತ ಮಕ್ಕಳನ್ನು ಪ್ರಜೆಗಳಾಗಿ ನೋಂದಾಯಿಸಲು ಅವಕಾಶ ಕೊಡುತ್ತದೆ. ಐದು ವರ್ಷ ಓಸಿಐ ಆಗಿದ್ದು ಹನ್ನೆರಡು ತಿಂಗಳು ಇಲ್ಲಿ ನೆಲೆಸಿದ ವಯಸ್ಕರಿಗೂ ಅವಕಾಶ ಇದೆ. ಇನ್ನೊಂದು ಸಣ್ಣ ಕಲಮನ್ನು ಹೆಚ್ಚು ಜನ ಬಲ್ಲವರಲ್ಲ. ಹೊರದೇಶದಲ್ಲಿ ಹುಟ್ಟಿದ ಭಾರತೀಯ ಮಗುವಿನ ಜನನ ಅಲ್ಲಿಯ ಭಾರತೀಯ ಕಚೇರಿಯಲ್ಲಿ ದಾಖಲಾಗದೆ ಉಳಿದು, ತಂದೆತಾಯಿ ನೆಲೆಸುವ ಉದ್ದೇಶದಿಂದ ಮರಳಿದರೆ, ಮಗು ಬಂದ 60 ದಿನಗಳೊಳಗೆ ಇಲ್ಲಿಯೇ ಜನನ ನೋಂದಣಿ ಮಾಡಿಸಬಹುದು ಎನ್ನುತ್ತದೆ 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೆಯ ಕಲಮು.  2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಮೂಲ ದಾಖಲೆ ಆಗಿರುವುದರಿಂದ ಆ 60 ದಿನಗಳ ಬೆಲೆ ಇನ್ನೂ ಹೆಚ್ಚಿದೆ.

ಗದ್ದೆ ಇರುವ ಮನೆಯವರು ಇನ್ನೊಂದು ವಿಷಯ ತಿಳಿದಿರಬೇಕು. ಓಸಿಐ ಮಗು ಅಜ್ಜನ ಭತ್ತದ ಗದ್ದೆಯನ್ನು ಉತ್ತರಾಧಿಕಾರದಿಂದ ಪಡೆಯಬಹುದು. ಮುಂದೆ ಪಕ್ಕದ ಎಕರೆಯನ್ನು ಕೊಳ್ಳುವಂತಿಲ್ಲ. ಕರ್ನಾಟಕ 2020ರಲ್ಲಿ ಕೃಷಿಕರಲ್ಲದವರಿಗೂ ಭೂಮಿ ಕೊಳ್ಳಲು ಬಿಟ್ಟರೂ ವಿದೇಶಿ ವಿನಿಮಯ ಕಾನೂನಿನ ನಿರ್ಬಂಧ ಹಾಗೆಯೇ ಇದೆ. ಮೊಮ್ಮಗಳು ಬಂದ ಸಂಭ್ರಮದಲ್ಲಿ ಅಜ್ಜ ಅಂಚೆ ಕಚೇರಿಗೆ ಹೋಗಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಲು ಹೊರಟರೆ ಅದೂ ಭಾರತೀಯ ಪ್ರಜೆಯಾದ ಹೆಣ್ಣುಮಗುವಿಗೇ ಮೀಸಲು. ತಂದೆತಾಯಿಯ ಹಣಕಾಸಿನ ಸಂಗತಿಗಳು, ಅಂದರೆ ಮರಳಿದ ಮೊದಲ ಎರಡು ಮೂರು ವರ್ಷ ಹೊರದೇಶದ ಆದಾಯಕ್ಕೆ ಸಿಗುವ ತೆರಿಗೆ ವಿನಾಯಿತಿ, ಎನ್‌ಆರ್‌ಇ ಖಾತೆಗಳ ಬದಲಾವಣೆ ಇತ್ಯಾದಿಗಳನ್ನು ಒಬ್ಬ ಒಳ್ಳೆಯ ಲೆಕ್ಕಿಗ ಒಂದು ಮಧ್ಯಾಹ್ನದಲ್ಲಿ ಬಿಡಿಸಿಡುತ್ತಾನೆ. ಅದಕ್ಕೆ ಇಲ್ಲಿ ಜಾಗ ಬೇಡ.

ಇನ್ನು ಕೂಸಿನ ಮೈ. ಅಮೆರಿಕದಲ್ಲಿ ಕ್ಷಯದ ಬಿಸಿಜಿ ಲಸಿಕೆಯನ್ನು ಕೂಸುಗಳಿಗೆಲ್ಲ ಹಾಕುವ ಪದ್ಧತಿ ಇಲ್ಲ; ಇಲ್ಲಿ ಹುಟ್ಟುತ್ತಲೇ ಹಾಕುತ್ತಾರೆ, ತಪ್ಪಿದರೆ ಒಂದು ವರ್ಷದೊಳಗೆ. ದಡಾರದ ಲಸಿಕೆಯನ್ನು ಅಲ್ಲಿ ವರ್ಷ ತುಂಬಿದ ಮೇಲೆ, ಇಲ್ಲಿ ಒಂಬತ್ತನೆಯ ತಿಂಗಳಿಗೆ ಕೊಡುತ್ತಾರೆ. ಆರರಿಂದ ಹನ್ನೊಂದು ತಿಂಗಳ ಕೂಸು ವಿದೇಶ ಪ್ರಯಾಣ ಮಾಡುವುದಿದ್ದರೆ ಮುಂಚೆಯೇ ಒಂದು ಹೆಚ್ಚಿನ ಡೋಸ್ ಹಾಕಿಸಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಭತ್ತದ ಸೀಮೆಗೆ ಬರುವವರು ಮೆದುಳು ಜ್ವರದ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್‌ನ ಲಸಿಕೆಯನ್ನು ಮರೆಯಲೇಬಾರದು. ಆ ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ನೀರು ನಿಂತ ಗದ್ದೆಯಲ್ಲೇ ಹುಟ್ಟುವುದು; ಕೊಪ್ಪಳವೂ ಈ ಲಸಿಕೆ ಕೊಡುವ ಜಿಲ್ಲೆಗಳಲ್ಲಿ ಒಂದು. ಒಂಬತ್ತು ತಿಂಗಳಿಗೊಂದು, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು. ಅಮೆರಿಕದ ಲಸಿಕೆ ಪಟ್ಟಿಯಲ್ಲಿ ಇದರ ಹೆಸರಿಲ್ಲ, ಆ ಪಟ್ಟಿ ಪೂರ್ತಿಯಾಗಿದೆ ಎಂದು ನೆಮ್ಮದಿಯಿಂದಿರುವ ತಾಯಿಗೆ ಇಲ್ಲಿ ಯಾರಾದರೂ ಹೇಳಬೇಕು. ಆಶಾ ಕಾರ್ಯಕರ್ತೆ ಹೇಳುತ್ತಾಳೆ, ಆಕೆಯ ವಹಿಯಲ್ಲಿ ಕೂಸಿನ ಹೆಸರು ಬರೆಸಿದರೆ.

ನೀರಿನ ಮಾತು ತಾಲ್ಲೂಕಿಗೊಂದು ತೆರ. ಸಾಣಾಪುರ, ಗಂಗಾವತಿಗಳ ಕಡೆ ಹೊಳೆ, ಕಾಲುವೆಯ ನೀರಿದೆ. ಕುಷ್ಟಗಿ, ಯಲಬುರ್ಗಾಗಳ ಹಲವು ಊರುಗಳಲ್ಲಿ ಕೊಳವೆಬಾವಿಯ ನೀರಿಗೆ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಬೆಳೆಯುವ ಹಲ್ಲು, ಮೂಳೆಗಳಿಗೆ ಕೇಡು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಂತೆ ಅದರ ಪ್ರಮಾಣ ಏರುತ್ತದೆ. ಎದೆಹಾಲು ಕುಡಿಯುವ ಕೂಸಿಗೆ ಈ ಭಯ ಇಲ್ಲ. ಪುಡಿಹಾಲಿನ ಕೂಸಿಗೆ ಇದೆ. ಡಬ್ಬಿಯ ಹಾಲನ್ನು ಯಾವ ನೀರಿನಲ್ಲಿ ಕಲಸುತ್ತೀರಿ ಎಂಬುದು ಯಾವ ಡಬ್ಬಿ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ.

ಅಜ್ಜಿಗೂ ಮಗಳಿಗೂ ಜಗಳ ಹತ್ತುವುದು ಬಾಣಂತನದ ಒಳಕೋಣೆಯಲ್ಲಿ. ಎಣ್ಣೆ ಹಚ್ಚಿ ಎರೆಯುವುದು, ಜೋಗುಳ, ಕೂಸನ್ನು ಮೈಗೆ ಅವುಚಿಕೊಂಡು ಮಲಗಿಸುವುದು ಇವೆಲ್ಲ ಅಮೃತ. ಜೇನು ನೆಕ್ಕಿಸುವುದು, ಬಜೆ ತೇಯ್ದು ಕುಡಿಸುವುದು, ಕಣ್ಣಿಗೆ ಕಾಡಿಗೆ ತೀಡುವುದು, ಬಾಗಿಲು ಮುಚ್ಚಿ ಲೋಬಾನದ ಹೊಗೆ ಹಾಕುವುದು ಬೇಡವೇ ಬೇಡ. ವರ್ಷದೊಳಗಿನ ಮಗುವಿಗೆ ಜೇನಿನಿಂದ ಬಾಟುಲಿಸಂ ತಗಲಬಹುದು, ಕಾಡಿಗೆಯಲ್ಲಿ ಸೀಸ ಸಿಕ್ಕಿದ್ದುಂಟು. ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಮಕ್ಕಳನ್ನು ಹಡೆದು ಸಾಕಿದ ಹೆಂಗಸಿಗೆ ಇದನ್ನು ಹೇಳುವ ರೀತಿ ಒಂದಿದೆ: ಊರಿನ ಮಕ್ಕಳ ವೈದ್ಯರ ಬಳಿಗೆ ಆಕೆಯನ್ನೂ ಕರೆದುಕೊಂಡು ಹೋಗಿ, ಅವರ ಬಾಯಿಂದಲೇ ಕೇಳಿಸುವುದು. ಅಂತರ್ಜಾಲದಲ್ಲಿ ಓದಿದ್ದನ್ನು ಮುಖಕ್ಕೆ ಹಿಡಿದರೆ ಆಕೆಯ ಜ್ಞಾನದ ಜೊತೆಗೆ ಆಕೆಯನ್ನೂ ಅಲ್ಲಗಳೆದಂತಾಗುತ್ತದೆ.

ಬರುವುದಾದರೆ ಯಾವಾಗ? ಬೇಗ ಎಂದೇ ನನ್ನ ಉತ್ತರ, ಅದಕ್ಕೆ ಭಾಷೆ ಮುಖ್ಯ ಕಾರಣ. ಸಿಯಾಟಲ್‌ನ ಪಟ್ರೀಶಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳೊಡನೆ ಚೀನೀ ಮಾತಾಡುವವರು ಕುಳಿತು ಹನ್ನೆರಡು ಸಲ ಆಡಿದರು, ಓದಿ ಹೇಳಿದರು. ಆ ಕೂಸುಗಳು ಚೀನೀ ಭಾಷೆಯ ಸೂಕ್ಷ್ಮ ಧ್ವನಿಗಳನ್ನು ಗುರುತಿಸಲು ಕಲಿತವು. ಅವೇ ಜನ, ಅವೇ ಮಾತು ಟಿವಿ ಪರದೆಯ ಮೇಲೆ ಬಂದಾಗ ಕೂಸುಗಳು ಏನನ್ನೂ ಕಲಿಯಲಿಲ್ಲ. ಪರದೆ ತಿರುಗಿ ಮಾತಾಡುವ ವಿಡಿಯೊ ಕರೆ ಟಿವಿಗಿಂತ ಮೇಲು, ಅಜ್ಜಿಯ ಮುಖದ ಪರಿಚಯವನ್ನು ಅದು ಉಳಿಸುತ್ತದೆ. ಭಾಷೆ ಇಳಿಯುವುದಕ್ಕೆ ಮಾತ್ರ ಮೂಗು ಹಿಡಿದು ಎಳೆಯುವ, ತುತ್ತು ಬಾಯಿಗಿಡುತ್ತ ಕಾಗೆ ಗುಬ್ಬಿ ತೋರಿಸುವ ಮನುಷ್ಯ ಬೇಕು. ಅಮೆರಿಕದ ಅಕ್ಕ ಸಮ್ಮೇಳನಗಳು, ಬ್ರಿಟನ್ನಿನ ಕನ್ನಡ ಬಳಗ, ಊರೂರಿನ ಕನ್ನಡ ಕೂಟಗಳ ವಾರಾಂತ್ಯದ ಕನ್ನಡ ಶಾಲೆಗಳು ದೊಡ್ಡ ಕೆಲಸ ಮಾಡಿವೆ. ಅವು ಮಗು ಮಾತು ಕಲಿತ ಮೇಲಿನ ಕೆಲಸ. ಸಾಣಾಪುರದಂಥ ಊರಿನಲ್ಲಿ ಕೂಸು ಕನ್ನಡದ ಜೊತೆಗೆ ತೆಲುಗು, ಉರ್ದುವನ್ನೂ ಓಣಿಯಲ್ಲೇ ಕಿವಿಗೆ ಹಾಕಿಕೊಳ್ಳುತ್ತದೆ, ಯಾರೂ ಕೂರಿಸಿ ಕಲಿಸಬೇಕಿಲ್ಲ.

ಊರಿಗೆ ಮರಳಿದೆವು ಎನ್ನುವ ಹೆಚ್ಚಿನವರು ನಿಜವಾಗಿ ಮರಳುವುದು ಬೆಂಗಳೂರಿಗೋ ಹೈದರಾಬಾದಿಗೋ. ಕೆಲಸ ಇರುವುದು ಅಲ್ಲಿ. ಎರಡೂ ಇಲ್ಲಿಂದ ಮುನ್ನೂರೈವತ್ತು ಕಿಲೋಮೀಟರಿನ ಆಸುಪಾಸು. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಬೆಂಗಳೂರು. ನ್ಯೂಜೆರ್ಸಿಗೆ ಹೋಲಿಸಿದರೆ ಇದು ಅಂಗಳ. ರಾತ್ರಿ ಕೂಸಿಗೆ ಜ್ವರ ಏರಿದಾಗ ಅಂಗಳವಲ್ಲ. ಹತ್ತಿರ ಎಂಬುದಕ್ಕೆ ನಾನು ಇಡುವ ಅಳತೆ ಇಷ್ಟೇ: ಬಾ ಎಂದರೆ ಅದೇ ಹೊತ್ತಿಗೆ ಬರಲು ಆಗುತ್ತದೆಯೇ? ಆ ಅಳತೆಯಲ್ಲಿ ಬೆಂಗಳೂರಿನ ಹದಿನಾಲ್ಕನೆಯ ಮಹಡಿಗೆ ಬಂದವರು ಬಂಧುಗಳ ಹತ್ತಿರ ಬಂದಿಲ್ಲ, ಬಂಧುಗಳ ದೇಶಕ್ಕೆ ಬಂದಿದ್ದಾರೆ. ಮುಂದಿನ ಹೆಜ್ಜೆಯಾಗಿ ಅಜ್ಜ ಅಜ್ಜಿಯನ್ನು ಗದ್ದೆ, ಎಮ್ಮೆ, ಗೆಳೆಯರಿಂದ ಬಿಡಿಸಿ ಬೆಂಗಳೂರಿಗೆ ಕರೆಸುತ್ತಾರೆ. ಆಗ ವಲಸೆ ಹೋದದ್ದು ಕೂಸಲ್ಲ, ಅಜ್ಜಿ. ಮನೆಯಿಂದಲೇ ಕೆಲಸ ಮಾಡಲು ಬಿಡುವ ಕಂಪನಿ ಸಿಕ್ಕವರು ಗಂಗಾವತಿ, ಹೊಸಪೇಟೆಗಳಲ್ಲಿ ನೆಲೆಸುವುದು ಸಾಧ್ಯ. ಅವರು ನೋಡಿಕೊಳ್ಳಬೇಕಾದದ್ದು ಆಸ್ಪತ್ರೆಯ ದೂರ. ಗಂಗಾವತಿಯ ಸರ್ಕಾರಿ ಆಸ್ಪತ್ರೆ, ಕೊಪ್ಪಳದ ವೈದ್ಯಕೀಯ ಕಾಲೇಜು ಹತ್ತಿರದಲ್ಲಿವೆ; ದಿನ ತುಂಬದೆ ಹುಟ್ಟಿದ ಕೂಸಿಗೆ, ಹೃದಯದ ತೊಂದರೆ ಇರುವ ಕೂಸಿಗೆ ಬಳ್ಳಾರಿ, ಹುಬ್ಬಳ್ಳಿ, ಬೆಂಗಳೂರಿನ ದಾರಿ ಹಿಡಿಯಬೇಕಾಗುತ್ತದೆ.

ಯಾರ ಬಂಧುಗಳ ಹತ್ತಿರ ಎಂಬುದೂ ಪ್ರಶ್ನೆಯೇ. ಬಾಣಂತನ ತವರಿನಲ್ಲಿ, ನೆಲೆಸುವುದು ಗಂಡನ ಮನೆಯ ಹತ್ತಿರ ಎಂಬುದು ಹಳೆಯ ಲೆಕ್ಕ. ಅಮೆರಿಕದಲ್ಲಿ ವೀಸಾ ನಿಯಮದಿಂದ ವರ್ಷಗಟ್ಟಲೆ ಕೆಲಸವಿಲ್ಲದೆ ಕೂತಿದ್ದ ಹೆಂಡತಿ ಇಲ್ಲಿ ಮತ್ತೆ ಕೆಲಸ ಹಿಡಿಯುತ್ತೇನೆಂದು ಆಸೆಯಿಂದ ಬಂದಿರುತ್ತಾಳೆ. 2017ರ ತಿದ್ದುಪಡಿಯಿಂದ ಬಂದ 26 ವಾರಗಳ ಹೆರಿಗೆ ರಜೆ ಆಕೆಗೆ ಸಿಗುವುದಿಲ್ಲ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ಅದೇ ಕಡೆ ದುಡಿದಿರಬೇಕೆಂಬ ಷರತ್ತು ಅದಕ್ಕಿದೆ. ಮರಳಿ ಬಂದು ಅತ್ತೆಯ ಮನೆಯ ಅಡುಗೆಮನೆಯಲ್ಲಿ ಮುಗಿದುಹೋಗುವ ಓದಿದ ಹೆಣ್ಣುಮಕ್ಕಳ ನೋವನ್ನು ಈ ಚರ್ಚೆ ನುಂಗಿಹಾಕಬಾರದು.

ಮದುವೆ ಮುರಿದು ಒಬ್ಬರೇ ಕೂಸನ್ನು ಕರೆತರುವ ಸಂದರ್ಭ ಬೇರೆಯೇ. ಮಕ್ಕಳನ್ನು ಗಡಿ ದಾಟಿಸಿ ಕರೆದೊಯ್ಯುವುದರ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 2017ರ ನಿತ್ಯಾ ಆನಂದ್ ರಾಘವನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಿ ನ್ಯಾಯಾಲಯದ ಆದೇಶ ಏನೇ ಇರಲಿ ಮಗುವಿನ ಹಿತವೇ ಮೊದಲೆಂದು ಹೇಳಿತು. ಹೊಡೆತ ತಿಂದು ಓಡಿಬಂದ ತಾಯಿಗೆ ಇದು ಆಸರೆ. ಮಗುವಿನ ಮುಖ ನೋಡಲಾಗದ ತಂದೆಗೆ ಇದೇ ವರ್ಷಗಟ್ಟಲೆಯ ನೋವು. ಅಲ್ಲಿಯ ಪೊಲೀಸರ ಲೆಕ್ಕದಲ್ಲಿ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಕರೆತಂದದ್ದು ಅಪಹರಣ. ವಕೀಲರನ್ನು ಕಾಣದೆ ವಿಮಾನ ಹತ್ತಬಾರದ ಸಂದರ್ಭ ಇದೊಂದು.

ಕೊನೆಗೆ ಅಜ್ಜಿಯ ದುಡಿಮೆ. ಕೊಪ್ಪಳ ಜಿಲ್ಲೆಯಲ್ಲಿ ಅಜ್ಜಿಯರ ಮೇಲೆ ಆಗಲೇ ಇನ್ನೊಂದು ವಲಸೆಯ ಭಾರ ಇದೆ. ಮಳೆ ಕೈಕೊಟ್ಟಾಗ ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಜನ ಬೆಂಗಳೂರು, ಮಂಗಳೂರು, ಗೋವಾಗಳಿಗೆ ಗುಳೆ ಹೋಗುತ್ತಾರೆ. ಹಾಲು ಕುಡಿಯುವ ಕೂಸು ತಾಯಿಯ ಜೊತೆ ಕಟ್ಟಡ ಕಾಮಗಾರಿಯ ಮರಳ ರಾಶಿಯ ಮೇಲೆ, ಶಾಲೆಗೆ ಹೋಗುವ ಮಕ್ಕಳು ಅಜ್ಜಿಯ ಜೊತೆ ಊರಿನಲ್ಲಿ. ಅಮೆರಿಕದಿಂದ ಬಂದ ಮಗಳ ಕೂಸನ್ನು ಎತ್ತಿಕೊಳ್ಳುವ ಅಜ್ಜಿಯ ಮೊಣಕಾಲಿಗೂ ಗುಳೆ ಹೋದ ಮಗನ ಮಕ್ಕಳಿಗೆ ರೊಟ್ಟಿ ಬಡಿಯುವ ಅಜ್ಜಿಯ ಮೊಣಕಾಲಿಗೂ ನೋವು ಒಂದೇ. ಹೊರದೇಶದಿಂದ ಬರುವವರಿಗೆ ಇರುವ ಒಂದು ಅನುಕೂಲ, ಅವರು ಕೇಳಿ ಬರಬಹುದು. ಅವ್ವಾ, ದಿನಕ್ಕೆ ಎಷ್ಟು ತಾಸು ನೋಡಿಕೊಳ್ಳುತ್ತೀ? ನಿನ್ನ ಭಜನೆಯ ದಿನ ಯಾವುದು? ಯಾತ್ರೆಗೆ ಹೋಗುವ ತಿಂಗಳು ಯಾವುದು? ಸಂಜೆಗೆ ಒಬ್ಬ ಆಳು ಇಡೋಣವೇ? ಟಿಕೆಟ್ ತೆಗೆಯುವ ಮುಂಚೆ ಈ ಮಾತು ಆಡಿಕೊಂಡ ಮನೆಗಳಲ್ಲಿ ಮರಳಿ ಬಂದದ್ದು ಗಟ್ಟಿಯಾಗಿ ನಿಲ್ಲುತ್ತದೆ. ಆಡದ ಮನೆಗಳಲ್ಲಿ ಎರಡನೆಯ ವರ್ಷಕ್ಕೇ ಮನಸ್ತಾಪ ಶುರುವಾಗಿ ಮತ್ತೆ ವೀಸಾ ಅರ್ಜಿ ಹೊರಬರುತ್ತದೆ.

ಅಜ್ಜಿಯ ಒಪ್ಪಿಗೆ ಒಂದರಿಂದಲೇ ಎಲ್ಲ ಆಗುವುದಿಲ್ಲ, ಆಕೆಗೆ ಜೊತೆ ಬೇಕು. ಕರ್ನಾಟಕ ಸರ್ಕಾರ 2023ರ ಬಜೆಟ್ಟಿನಲ್ಲಿ ನರೇಗಾ ಕೂಲಿಕಾರ ತಾಯಂದಿರ ಮಕ್ಕಳಿಗಾಗಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಹೇಳಿತು. ಹಳ್ಳಿಯ ತಾಯಿಯ ಕೂಸನ್ನು ಹಗಲು ಹೊತ್ತು ಊರೇ ನೋಡಿಕೊಳ್ಳಬೇಕೆಂಬ ಒಪ್ಪಿಗೆ ಅದರಲ್ಲಿದೆ, ಅದಕ್ಕಾಗಿ ನಾನು ಆ ಯೋಜನೆಯನ್ನು ಮನಸಾರೆ ಮೆಚ್ಚುತ್ತೇನೆ. ಭತ್ತದ ನಾಟಿಗೆ ಹೋಗುವ ತಾಯಿಗೂ, ಗಂಗಾವತಿಯ ಬ್ಯಾಂಕಿನಲ್ಲಿ ಕೂರುವ ತಾಯಿಗೂ, ಮನೆಯಲ್ಲೇ ಕುಳಿತು ಟೆಕ್ಸಾಸಿನ ಕಂಪನಿಗೆ ದುಡಿಯುವ ತಾಯಿಗೂ ಅದೇ ಬೇಕು. 50 ಜನ ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರಬೇಕೆಂಬ ಕಾನೂನು ಸಣ್ಣ ಊರುಗಳ ಸಣ್ಣ ಕಚೇರಿಗಳನ್ನು ಮುಟ್ಟುವುದಿಲ್ಲ. ಕೂಸಿನ ಮನೆಯ ಬಾಗಿಲನ್ನು ಕೂಲಿಕಾರರಿಗೆ ಮೊದಲ ಹಕ್ಕಿಟ್ಟು, ಉಳಿದವರಿಗೆ ಶುಲ್ಕ ಹಾಕಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಪಟ್ಟಣಗಳಲ್ಲೂ ತೆರೆಯಲಿ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗಾದರೂ ಸಾಕು. ಅಷ್ಟು ಹೊತ್ತು ಅಜ್ಜಿ ಊಟ ಮಾಡಿ ಮಲಗಬಹುದು, ಗದ್ದೆಗೆ ಹೋಗಿ ಬರಬಹುದು, ಎರಡು ಗಂಟೆಗೆ ಕೂಸನ್ನು ಕರೆದುಕೊಳ್ಳಲು ತಾನಾಗಿಯೇ ಕೈಚಾಚಬಹುದು.